ತುಟ್ಟಿ, ದುಬಾರಿ, ಸುಲಿಗೆ: ಮೂರೂ ಒಂದೇನಾ?

ಇವತ್ತಿನ ಪದ ‘ತುಟ್ಟಿ’.

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಈ ಮಾತು ಹೊಸದಲ್ಲ. ಬಳೆ ಅಂಗಡಿ ಇರಲಿ, ಪಾತ್ರೆ ಅಂಗಡಿ ಇರಲಿ, ‘ಭಾಳ ತುಟ್ಟಿ ಆತ್ರಿ, ಸ್ವಲ್ಪ ಕಡಿಮಿ ಮಾಡ್ರಿ’ ಅನ್ನದೆ ವ್ಯಾಪಾರ ಮುಗಿಯೋದಿಲ್ಲ. ಬೆಂಗಳೂರು, ಮೈಸೂರು ಕಡೆ ಅದೇ ಜಾಗದಲ್ಲಿ ‘ದುಬಾರಿ’ ಅಥವಾ ‘ಜಾಸ್ತಿ’ ಬರುತ್ತೆ. ಎದುರು ಪದವೂ ಬೇರೆ: ಇಲ್ಲಿ ‘ಸೋವಿ’, ಅಲ್ಲಿ ‘ಅಗ್ಗ’.

ಹಾಗಂತ ತುಟ್ಟಿ ಬರೀ ಆಡುಮಾತು ಅಂದ್ಕೋಬೇಡಿ. ಸರ್ಕಾರಿ ನೌಕರರಿಗೆ ಸಿಗೋ ಡಿಎಗೆ ಕನ್ನಡದಲ್ಲಿ ‘ತುಟ್ಟಿಭತ್ಯೆ’ ಅಂತಲೇ ಹೆಸರು. ದಿನಸಿ, ಬಾಡಿಗೆ ಏರಿದಾಗ ಅದೇ ಸಂಬಳಕ್ಕೆ ಕಡಿಮೆ ಸಾಮಾನು ಬರುತ್ತೆ. ಆ ಕೊರತೆ ತುಂಬೋಕೆ ಈ ಭತ್ಯೆ. ಕೇಂದ್ರ ನೌಕರರಿಗೆ ಇದನ್ನ ವರ್ಷಕ್ಕೆ 2 ಸಲ, ಜನವರಿ 1 ಮತ್ತು ಜುಲೈ 1ರಿಂದ ಅನ್ವಯವಾಗೋ ಹಾಗೆ ಪರಿಷ್ಕರಿಸ್ತಾರೆ. ಇಲ್ಲಿ ತುಟ್ಟಿ ಆಗಿರೋದು ಒಂದು ವಸ್ತುವಲ್ಲ, ಬದುಕೇ.

ಇನ್ನು ‘ದುಬಾರಿ’ ದುಡ್ಡು ದಾಟಿ ಹೋಗುತ್ತೆ. ಬೌಲರ್ 4 ಓವರಿಗೆ 50 ರನ್ ಕೊಟ್ರೆ ‘ದುಬಾರಿಯಾದರು’ ಅಂತ ಪತ್ರಿಕೆ ಬರೆಯುತ್ತೆ. ಕ್ಯಾಚ್ ಬಿಟ್ಟದ್ದೂ ‘ದುಬಾರಿ ಆಯ್ತು’. ಇಂಥ ಕಡೆ ಸಾಮಾನ್ಯವಾಗಿ ತುಟ್ಟಿ ಒಗ್ಗಲ್ಲ.

‘ಸುಲಿಗೆ’ ಕತೆ ಬೇರೆ. ತುಟ್ಟಿ ಅಂದಾಗ ನಮ್ಮ ಜೇಬಿಗೆ ಭಾರ ಅಂತ ಹೇಳ್ತೀವಿ. ಸುಲಿಗೆ ಅಂದ್ರೆ ಮಾರೋರು ಮೋಸ ಮಾಡ್ತಿದಾರೆ ಅಂತ ಆರೋಪ ಹೊರಿಸ್ತೀವಿ.

ಈ ವ್ಯತ್ಯಾಸ ಯಾಕೆ ಮುಖ್ಯ? ಇಳಕಲ್ ಸೀರೆ ನೋಡಿ. ಕೈಮಗ್ಗದಲ್ಲಿ ಒಡಲಿನ ಹಾಸುದಾರಕ್ಕೆ ಸೆರಗಿನ ರೇಷ್ಮೆ ಹಾಸುದಾರವನ್ನ ಕೊಂಡಿ ಹಾಕಿ ಜೋಡಿಸ್ತಾರೆ. ಒಂದೊಂದು ಸೀರೆಗೂ ಮತ್ತೆ ಮತ್ತೆ ಮಾಡಬೇಕಾದ ಕೈಕೆಲಸ ಅದು. ಪಕ್ಕದಲ್ಲೇ ವಿದ್ಯುತ್ ಮಗ್ಗದ ಸೀರೆ ಸೋವಿಗೆ ಸಿಗುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೈಮಗ್ಗದ್ದು ‘ಸುಲಿಗೆ’ ಅಂದ್ರೆ, ನೇಕಾರರ ದಿನಗಳನ್ನ ಲೆಕ್ಕಕ್ಕೇ ಹಿಡಿದಿಲ್ಲ ಅಂತ ಆಯ್ತು. ‘ನನಗ ತುಟ್ಟಿ ಆತ್ರಿ’ ಅಂದ್ರೆ ಸಾಕು. ಅದರಲ್ಲಿ ಅವಮಾನ ಇಲ್ಲ, ಸುಳ್ಳೂ ಇಲ್ಲ.

ಅದೇ ಕೈಮಗ್ಗ ಅಂತ ಹೇಳಿ ವಿದ್ಯುತ್ ಮಗ್ಗದ ಸೀರೆ ಕೊಟ್ರೆ? ಆಗ ಧಾರಾಳವಾಗಿ ಅನ್ನಿ: ಸುಲಿಗೆ!

ನಿಮ್ಮೂರಲ್ಲಿ ಇದಕ್ಕೆ ಬೇರೆ ಪದ ಇದ್ರೆ ನಮಗೆ ಕಳಿಸಿ.