ಬಿದ್ದ ಅಂಗಳದಲ್ಲಿಯೇ ಇಂಗಲಿ ಮಳೆನೀರು

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರ್ ನೀರಿಗಾಗಿ ಕಾದು ಕುಳಿತರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2021ರ ನವೆಂಬರ್‌ನಲ್ಲಿಯೂ ಅಲ್ಲಿ ಇದೇ ಸ್ಥಿತಿಯಾಗಿತ್ತು. ಬೇಸಿಗೆಯಲ್ಲಿ ಹನಿ ನೀರಿಗೆ ಪರದಾಡುವ ಊರು ಮಳೆಗಾಲದಲ್ಲಿ ಮುಳುಗುವುದೇಕೆ ಎಂಬುದನ್ನು ಭಕ್ತಬಾಂಧವರೆಲ್ಲರೂ ಅರಿಯುವುದು ಅಗತ್ಯ.

ಉತ್ತರ ಬೆಂಗಳೂರಿನ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಕೂಡಿಕೊಂಡಿವೆ. ಯಲಹಂಕ ಕೆರೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ ಹರಿಯುತ್ತದೆ. ಹೆಬ್ಬಾಳದ ಕೋಡಿ ನಾಗವಾರದ ಕಡೆಗೆ. ಹಿಂದೆ ಈ ಕೆರೆಗಳ ನಡುವಿನ ಹೊಲ, ತೋಪು, ಗೋಮಾಳಗಳು ಮಳೆಯ ಬಹುಪಾಲನ್ನು ಕುಡಿದು, ಉಳಿದುದನ್ನು ಮಾತ್ರ ಕಾಲುವೆಗೆ ಬಿಡುತ್ತಿದ್ದವು. ಇಂದು ಅಲ್ಲೆಲ್ಲ ತಾರಸಿ, ಡಾಂಬರು, ಕಾಂಕ್ರೀಟು. ಬಿದ್ದ ನೀರು ಕ್ಷಣಮಾತ್ರದಲ್ಲಿ ರಾಜಕಾಲುವೆ ಸೇರಿ ತಗ್ಗಿನ ಮನೆಗಳಿಗೆ ನುಗ್ಗುತ್ತದೆ.

ಕೆರೆಯ ದಡದಲ್ಲಿಯೇ ಇಂಗುಗುಂಡಿ ತೋಡಿದರೆ ಸಾಲದೇ ಎಂದು ಕೆಲವರು ಕೇಳುವುದುಂಟು. ಮರಳು ನೆಲದಲ್ಲಿ ನೀರು ಬೇಗನೆ ಇಳಿಯುತ್ತದೆ, ನಿಜ. ಆದರೆ ನಮ್ಮ ಕೆರೆಗಳ ಅಂಚಿನಲ್ಲಿರುವುದು ಸಾಮಾನ್ಯವಾಗಿ ನುಣುಪಾದ ಗೋಡುಮಣ್ಣು. ಅದು ನೀರನ್ನು ಸುಲಭವಾಗಿ ಒಳಬಿಡದು. ಮೇಲಾಗಿ ಮಳೆಗಾಲದಲ್ಲಿ ಅಲ್ಲಿ ಅಂತರ್ಜಲ ಮೇಲೆದ್ದು, ಗುಂಡಿ ಕೆಳಗಿನಿಂದಲೇ ತುಂಬಬಹುದು. ಇಂಗುಬಾವಿಗೆ ತಕ್ಕ ಸ್ಥಳ ಮೇಲಿನ ಕೆಂಪುಮಣ್ಣಿನ ದಿಣ್ಣೆ. ಎಂದರೆ, ತಗ್ಗಿನವರ ಮನೆ ಉಳಿಯುವುದು ದಿಣ್ಣೆಯವರು ಮಾಡುವ ಕೆಲಸದಿಂದ; ದಿಣ್ಣೆಯ ಮನೆಗೆ ನೀರು ನುಗ್ಗದಿರುವುದರಿಂದಲೇ ಈ ಕೆಲಸ ಹಿಂದೆ ಬಿದ್ದಿದೆ.

ಲೆಕ್ಕ ಸರಳವಾಗಿದೆ. 1,200 ಚದರ ಅಡಿಯ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ದೊರೆಯುವ ನೀರು ಸುಮಾರು 5,500 ಲೀಟರ್. ಮೂರು ಅಡಿ ಅಗಲ, 20 ಅಡಿ ಆಳದ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ತುಂಬುತ್ತಿರುವಾಗಲೇ ಇಂಗುತ್ತಲೂ ಇರುತ್ತದೆ. ರಂಧ್ರಗಳುಳ್ಳ ಸಿಮೆಂಟ್ ರಿಂಗುಗಳನ್ನು ಇಳಿಸಿ, ಸುತ್ತ ಜಲ್ಲಿ ತುಂಬಿದರೆ ಸಾಕು. ತಳಕ್ಕೆ ಕಾಂಕ್ರೀಟ್ ಹಾಕಬಾರದು. ತೋಡುವ ಮೊದಲು ಸಣ್ಣ ಗುಂಡಿಗೆ ನೀರು ಸುರಿದು, ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆಂದು ನೋಡಬೇಕು. ತಲೆಮಾರುಗಳಿಂದ ಬಾವಿ ತೋಡುತ್ತ ಬಂದಿರುವ ಮಣ್ಣುವಡ್ಡರ ಅನುಭವ ಇಲ್ಲಿ ಬಹಳ ಉಪಯುಕ್ತ. ಬಚ್ಚಲು, ಶೌಚದ ನೀರು ಇದರೊಳಗೆ ಎಂದಿಗೂ ಸೇರಕೂಡದು. ಸೇರಿದರೆ ನೆರೆಹೊರೆಯ ಬಾವಿಗಳೆಲ್ಲ ಕೆಡುತ್ತವೆ.

2009ರ ಕಾನೂನು ತಿದ್ದುಪಡಿಯಿಂದ ನಗರದಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಆದರೂ ದಂಡ ತಪ್ಪಿಸಲು ಕಾಟಾಚಾರಕ್ಕೆ ಕೊಳವೆಯೊಂದನ್ನು ಜೋಡಿಸಿ ಮರೆತವರು ನಮ್ಮ ನಡುವೆಯೂ ಇದ್ದಾರೆ. ಇಂಗುಬಾವಿಯೊಂದರಿಂದಲೇ ಮಹಾಮಳೆಯ ನೆರೆ ನಿಲ್ಲದು, ರಾಜಕಾಲುವೆಯೂ ತೆರವಾಗಿರಬೇಕು. ಆದರೆ ದಿಣ್ಣೆಯ ನೂರು ಮನೆಗಳು ತಲಾ 4,000 ಲೀಟರ್ ತಡೆದರೆ, ಕಾಲುವೆಗೆ ನಾಲ್ಕು ಲಕ್ಷ ಲೀಟರಿನ ಹೊರೆ ತಪ್ಪುತ್ತದೆ.

ಸಿದ್ಧರಾಮ ಶಿವಯೋಗಿಗಳು ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ಹೊಸ ಕೆರೆಗೆ ಜಾಗವೇ ಇಲ್ಲದ ಈ ನಗರದಲ್ಲಿ ಆ ಕಾಯಕ ಮನೆಯಂಗಳಕ್ಕೆ ಬಂದಿದೆ. ಈಗಾಗಲೇ ಬಾವಿ ಮಾಡಿಸಿರುವವರು ಮಳೆಗಾಲಕ್ಕೆ ಮುನ್ನ ತಾರಸಿ ಗುಡಿಸಿ, ಸೋಸುಗುಂಡಿಯ ಹೂಳು ತೆಗೆಸಿ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಅನಂತರವೇ ಬಾವಿಯ ಕೊಳವೆಯನ್ನು ತೆರೆಯಬೇಕು.