ನಿಮಗಿದು ಗೊತ್ತೇ? ಡಾಕ್ಟರೂ ಅಲ್ಲ, ನರ್ಸೂ ಅಲ್ಲ: ‘ಪಿಎ’ ಕೈಗೆ ಕಾನೂನು ಎಷ್ಟು ಕೊಟ್ಟಿದೆ?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ನಮ್ಮ ಕಡೆಯ ಅಮ್ಮಂದಿರು ಅಲ್ಲಿ ಜ್ವರ, ಕೆಮ್ಮು ಅಂತ ಕ್ಲಿನಿಕ್ಕಿಗೆ ಹೋದರೆ, ಎಷ್ಟೋ ಸಲ ಸ್ಟೆತಾಸ್ಕೋಪ್ ಇಟ್ಟು ನೋಡಿ ಔಷಧಿ ಬರೆದುಕೊಡುವವರು ಡಾಕ್ಟರೇ ಆಗಿರುವುದಿಲ್ಲ. ಬಿಳಿ ಕೋಟಿನ ಮೇಲೆ ಹೆಸರಿನ ಪಕ್ಕ ‘ಪಿಎ-ಸಿ’ ಅಂತ ಇರುತ್ತದೆ. ಪಿಎ ಅಂದರೆ ಫಿಜಿಷಿಯನ್ ಅಸಿಸ್ಟೆಂಟ್. ‘ಸಿ’ ಅಂದರೆ ರಾಷ್ಟ್ರಮಟ್ಟದ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ಪಡೆದವರು. ನಮ್ಮ ಹಳೆಯ ಕಾಂಪೌಂಡರ್‌ನಂಥವರು ಅಂದುಕೊಂಡರೆ ತಪ್ಪಾಗುತ್ತದೆ. ಇವರು ಕಾಯಿಲೆ ಗುರುತಿಸುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಗಾಯಕ್ಕೆ ಹೊಲಿಗೆ ಹಾಕುತ್ತಾರೆ, ಔಷಧಿಗೆ ಸಹಿ ಮಾಡುತ್ತಾರೆ. ಆದರೆ ಎಲ್ಲಿಯವರೆಗೆ? ಆ ಗೆರೆಯ ಕಥೆಯೇ ಈ ಸಲದ ಅಂಕಣ.

● ಈ ವೃತ್ತಿ ಶುರುವಾದದ್ದು 1965ರಲ್ಲಿ, ನಾರ್ತ್ ಕ್ಯಾರೊಲೈನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಡಾ. ಯೂಜೀನ್ ಸ್ಟೆಡ್ ಅವರಿಂದ. ಮೊದಲ ತಂಡಕ್ಕೆ ಸೇರಿದವರು ನಾಲ್ವರು, ಎಲ್ಲರೂ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದು ಬಂದವರು. 1967ರ ಅಕ್ಟೋಬರ್ 6ರಂದು ಮೂವರು ಪಾಸಾದರು. ಅಂದು ಸ್ಟೆಡ್ ಅವರ ಹುಟ್ಟುಹಬ್ಬವೂ ಹೌದು.

● ಸೈನ್ಯದಿಂದ ಬಂದವರೇ ಯಾಕೆ? ಸ್ಟೆಡ್ ಮೊದಲು ನರ್ಸುಗಳಿಗೇ ಹೆಚ್ಚಿನ ತರಬೇತಿ ಕೊಡಲು ಹೊರಟಿದ್ದರು. ಅಲ್ಲಿನ ನರ್ಸಿಂಗ್ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ ಆ ಕೋರ್ಸಿಗೆ ಮಾನ್ಯತೆ ಕೊಡಲಿಲ್ಲ. ದಾರಿ ಹಾಗೆ ತಿರುಗಿತು.

● ಡ್ಯೂಕ್‌ಗಿಂತ ಮುಂಚೆಯೇ ಅದೇ ರಾಜ್ಯದ ಗಾರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ಒಬ್ಬ ‘ಪಿಎ’ ಇದ್ದ, ಆ ಹೆಸರು ಮಾತ್ರ ಇರಲಿಲ್ಲ. ಡಾ. ಆಮೋಸ್ ಜಾನ್ಸನ್ ಅಲ್ಲಿನ ವೈದ್ಯರು. ಅವರ ಜೊತೆಗಿದ್ದವರು ಬಡ್ಡಿ ಟ್ರೆಡ್‌ವೆಲ್ ಎಂಬ ಕಪ್ಪು ಜನಾಂಗದ ಸಹಾಯಕ. ಜಾನ್ಸನ್ ವರ್ಷಗಟ್ಟಲೆ ಪಕ್ಕದಲ್ಲಿಟ್ಟುಕೊಂಡು ಕೆಲಸ ಕಲಿಸಿದರು. ಡಾಕ್ಟರು ಸಭೆ ಸಮ್ಮೇಳನ ಅಂತ ಊರು ಬಿಟ್ಟಾಗ ಕ್ಲಿನಿಕ್ ನಿಲ್ಲುತ್ತಿರಲಿಲ್ಲ, ಬಡ್ಡಿ ನೋಡಿಕೊಳ್ಳುತ್ತಿದ್ದರು. ಬಿಳಿಯರು, ಕರಿಯರು ಬೇರೆ ಬೇರೆ ಬಾಗಿಲಿನಿಂದ ಒಳಗೆ ಬರಬೇಕಾಗಿದ್ದ ಕಾಲ ಅದು. ಸ್ಟೆಡ್‌ಗೆ ಈ ಜೋಡಿಯ ವಿಷಯ ಗೊತ್ತಿತ್ತು. ಪದವಿ ಪಡೆದ ಮೂವರ ಹೆಸರು ಪುಸ್ತಕಗಳಲ್ಲಿದೆ. ಬಡ್ಡಿಯವರನ್ನೂ ಅವರ ಸಾಲಿನಲ್ಲೇ ನೆನೆಯಬೇಕೆಂಬುದು ನನ್ನ ಮನಸ್ಸಿನ ಮಾತು.

● ಕಾನೂನು ಆಮೇಲೆ ಬಂತು. ಮೊದಲ ಪಿಎಗಳು ಕೆಲಸಕ್ಕಿಳಿದಾಗ ಅವರಿಗೆಂದೇ ಪ್ರತ್ಯೇಕ ಕಾಯ್ದೆ ಇರಲಿಲ್ಲ. ವೈದ್ಯರು ತಮ್ಮ ಹೊಣೆಯಲ್ಲಿ ಕೆಲಸ ವಹಿಸಿಕೊಟ್ಟರೆ ಈಗಿರುವ ಕಾನೂನಿನಲ್ಲೇ ಅದಕ್ಕೆ ಜಾಗವಿದೆ ಎಂದು ನಾರ್ತ್ ಕ್ಯಾರೊಲೈನಾದ ಅಟಾರ್ನಿ ಜನರಲ್ ಹೇಳಿದ ಮೇಲೆ ಬಂಡಿ ಮುಂದೆ ಸಾಗಿತು. ‘ಕೈ ಪಿಎದು, ಹೊಣೆ ಡಾಕ್ಟರದು’ ಎಂಬ ಅಂದಿನ ತಿಳುವಳಿಕೆಯ ಮೇಲೇ ಅಮೆರಿಕದ ಹೆಚ್ಚಿನ ಪಿಎ ಕಾಯ್ದೆಗಳು ಎದ್ದು ನಿಂತಿವೆ.

● ಪಿಎ ಏನು ಮಾಡಬಹುದು ಎಂದು ಬಹುಮಟ್ಟಿಗೆ ಅಮೆರಿಕದ ಕೇಂದ್ರ ಸರ್ಕಾರ ಹೇಳುವುದಿಲ್ಲ. ಲೈಸೆನ್ಸ್ ಕೊಡುವುದು ರಾಜ್ಯ, ಗೆರೆ ಎಳೆಯುವುದೂ ರಾಜ್ಯ. ಅದರೊಳಗೆ ಆಸ್ಪತ್ರೆ ತನ್ನದೊಂದು ಗೆರೆ ಎಳೆಯುತ್ತದೆ, ಮೇಲುಸ್ತುವಾರಿಯ ವೈದ್ಯರು ಇನ್ನೊಂದು. ತನಗೆ ತರಬೇತಿ ಇಲ್ಲದ ಕೆಲಸಕ್ಕೆ ಪಿಎ ತಾನಾಗಿಯೇ ಕೈ ಹಾಕುವ ಹಾಗಿಲ್ಲ. ಚರ್ಮರೋಗ ತಜ್ಞರ ಕೈಕೆಳಗಿನ ಪಿಎಗೆ ಹೃದ್ರೋಗದ ಕೆಲಸ ವಹಿಸಿಕೊಡಲು ಆ ತಜ್ಞರಿಗೂ ಬರುವುದಿಲ್ಲ, ಏಕೆಂದರೆ ತಮ್ಮಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ಕೊಟ್ಟಾರು?

● ಪಿಎಗಳಿಗೆ ಲೈಸೆನ್ಸ್ ಕೊಟ್ಟ ಕಟ್ಟಕಡೆಯ ರಾಜ್ಯ ಮಿಸಿಸಿಪಿ, 2000ದಲ್ಲಿ. ಔಷಧಿ ಬರೆಯಲು ಬಿಟ್ಟ ಕೊನೆಯ ರಾಜ್ಯ ಇಂಡಿಯಾನಾ, 2007ರಲ್ಲಿ. ವ್ಯಸನದ ಭಯವಿರುವ ನಿಯಂತ್ರಿತ ಔಷಧಿಗಳ ಬಾಗಿಲನ್ನು ಎಲ್ಲರಿಗಿಂತ ತಡವಾಗಿ ತೆರೆದದ್ದು ಕೆಂಟಕಿ, 2020ರಲ್ಲಿ.

● ಟೆಕ್ಸಸ್‌ನ ಒಂದು ಪ್ರಿಸ್ಕ್ರಿಪ್ಷನ್ ಕೈಗೆ ಸಿಕ್ಕರೆ ನಿಧಾನವಾಗಿ ಓದಿ. ಪಿಎ ಹೆಸರಿನ ಜೊತೆಗೆ, ಆ ಅಧಿಕಾರ ವಹಿಸಿಕೊಟ್ಟ ವೈದ್ಯರ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲವೂ ಅದರಲ್ಲಿರಬೇಕು. ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಕೇಂದ್ರ ಸರ್ಕಾರದ ನಿಯಂತ್ರಿತ ಔಷಧಿಗಳ ಎರಡನೇ ಪಟ್ಟಿಗೆ ಸೇರಿದ, ಮಾರ್ಫಿನ್‌ನಂಥ ಬಿಗಿ ನಿಯಂತ್ರಣದ ನೋವುನಿವಾರಕಗಳನ್ನು ಅಲ್ಲಿನ ಪಿಎ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬರೆಯಬಹುದು, ಒಳರೋಗಿಯಾಗಿ ದಾಖಲಾದವರಿಗೆ ಬರೆಯಬಹುದು, ಸಾವಿನಂಚಿನ ರೋಗಿಗಳ ಹಾಸ್ಪಿಸ್ ಆರೈಕೆಯಲ್ಲೂ ಬರೆಯಬಹುದು. ಅದೇ ವ್ಯಕ್ತಿ ಅದೇ ದಿನ ಸಂಜೆ ಊರಿನ ಕ್ಲಿನಿಕ್ಕಿನಲ್ಲಿ ಕೂತರೆ ಬರೆಯುವಂತಿಲ್ಲ. ಓದು ಅದೇ, ಅನುಭವ ಅದೇ, ಬದಲಾದದ್ದು ಕುರ್ಚಿ ಇರುವ ಜಾಗ ಮಾತ್ರ. ವ್ಯಸನದ ಭಯಕ್ಕೆ ಹಾಕಿದ ಬೇಲಿ ಇದು, ಆ ಭಯ ಸುಳ್ಳಲ್ಲ. ಆದರೂ ಹಳ್ಳಿಯ ಕ್ಲಿನಿಕ್ಕಿಗೆ ನೋವು ಹೊತ್ತು ಬಂದ ಕ್ಯಾನ್ಸರ್ ರೋಗಿಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

● ಒಂದೇ ರಾತ್ರಿಯಲ್ಲಿ ಗೆರೆ ಹಿಂದಕ್ಕೆ ಸರಿದದ್ದೂ ಉಂಟು. 2014ರ ಅಕ್ಟೋಬರ್ 6ರಂದು ಕೇಂದ್ರ ಸರ್ಕಾರ ಹೈಡ್ರೊಕೊಡೋನ್ ಬೆರೆತ ನೋವಿನ ಮಾತ್ರೆಗಳನ್ನು ಮೂರನೇ ಪಟ್ಟಿಯಿಂದ ಎರಡನೆಯದಕ್ಕೆ ಏರಿಸಿತು. ಎರಡನೇ ಪಟ್ಟಿಗೆ ಅನುಮತಿ ಇಲ್ಲದ ರಾಜ್ಯಗಳ ಪಿಎಗಳು ನಿನ್ನೆ ಬರೆಯುತ್ತಿದ್ದ ಮಾತ್ರೆಯನ್ನು ಇವತ್ತು ಬರೆಯಲಾಗದೆ ಹೋದರು. ರಾಜ್ಯದ ಪಿಎ ಕಾಯ್ದೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

● ಅಫೀಮು ಜಾತಿಯ ಮಾದಕ ವ್ಯಸನದಿಂದ ಬಿಡಿಸುವ ಬ್ಯುಪ್ರೆನಾರ್ಫಿನ್ ಬರೆಯುವ ವಿಶೇಷ ಪರವಾನಗಿಗೆ 2016ರ ಕಾಯ್ದೆ ಪಿಎಗಳಿಗೂ ದಾರಿ ಬಿಟ್ಟಿತು. ವೈದ್ಯರಿಗೆ 8 ಗಂಟೆಯ ತರಬೇತಿ ಸಾಕಿತ್ತು, ಪಿಎಗಳಿಗೆ 24 ಗಂಟೆ ಕಡ್ಡಾಯ. ಈ ವಿಶೇಷ ಪರವಾನಗಿಯ ಪದ್ಧತಿಯನ್ನೇ 2022ರ ಡಿಸೆಂಬರ್ ಕೊನೆಯಲ್ಲಿ ಎಲ್ಲರಿಗೂ ರದ್ದು ಮಾಡಿದರು. ತಡವಾದರೂ ಒಳ್ಳೆಯದಾಯಿತು.

● ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್‌ನಲ್ಲಿ ಡಾಕ್ಟರ ಸೇವೆಗೆ 100 ಡಾಲರ್ ದರವಿದ್ದರೆ, ಅದೇ ಸೇವೆ ಪಿಎ ಹೆಸರಿನಲ್ಲಿ ಹೋದಾಗ ಲೆಕ್ಕ 85ಕ್ಕೆ ಇಳಿಯುತ್ತದೆ. ಆ ಹಣವನ್ನು ಪಿಎ ನೇರವಾಗಿ ಪಡೆಯಲು ಸಾಧ್ಯವಾದದ್ದು 2022ರ ಜನವರಿ 1ರಿಂದ.

● ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ನರ್ಸಿನ ಆರೈಕೆ ಬೇಕೆಂದು ಮೆಡಿಕೇರ್‌ಗೆ ಬರೆದುಕೊಡುವ ಹಕ್ಕು ಪಿಎಗಳಿಗೆ ಸಿಗಲು ಕೊರೊನಾ ಬರಬೇಕಾಯಿತು. 2020ರ ಕೇರ್ಸ್ ಕಾಯ್ದೆಯಿಂದ ಅದು ಆಯಿತು. ಅಲ್ಲಿಯವರೆಗೆ ರೋಗಿಯನ್ನು ತಿಂಗಳುಗಟ್ಟಲೆ ನೋಡಿಕೊಂಡವರು ಪಿಎ ಆಗಿದ್ದರೂ ಕಾಗದಕ್ಕೆ ಡಾಕ್ಟರ ಸಹಿಗಾಗಿ ಕಾಯಬೇಕಿತ್ತು.

● 2019ರಲ್ಲಿ ನಾರ್ತ್ ಡಕೋಟ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಪಿಎ ಕೆಲಸ ಮಾಡಬೇಕಾದರೆ ವೈದ್ಯರೊಬ್ಬರ ಜೊತೆ ಲಿಖಿತ ಒಪ್ಪಂದ ಇರಲೇಬೇಕೆಂಬ ಶರತ್ತನ್ನು ಬಹುಮಟ್ಟಿಗೆ ಕೈಬಿಟ್ಟಿತು. ದೂರದೂರದ ಹಳ್ಳಿಗಳ, ಕೊರೆಯುವ ಚಳಿಯ ರಾಜ್ಯ ಅದು. ಒಪ್ಪಂದ ಮಾಡಿಕೊಂಡಿದ್ದ ಒಬ್ಬ ಡಾಕ್ಟರು ನಿವೃತ್ತರಾದರೆ ಅಥವಾ ಊರು ಬಿಟ್ಟರೆ, ಪಿಎ ಕೈಕಟ್ಟಿ ಕೂರಬೇಕಾದ ಸ್ಥಿತಿ ಇತ್ತು. ವೈದ್ಯರ ಸಂಘಗಳು ಇಂಥ ಸಡಿಲಿಕೆಯನ್ನು ಗಟ್ಟಿಯಾಗಿ ವಿರೋಧಿಸುತ್ತವೆ: ವೈದ್ಯರ ಓದು, ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿ ಸೇರಿ ಏಳು ವರ್ಷಕ್ಕೆ ಕಡಿಮೆಯಿಲ್ಲ, ಪಿಎ ಓದು ಡಿಗ್ರಿಯ ಮೇಲೆ ಸುಮಾರು 27 ತಿಂಗಳು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಡಾಕ್ಟರೇ ಇಲ್ಲದ ಊರಿನವರಿಗೆ ಹೋಲಿಕೆ ಡಾಕ್ಟರಿಗೂ ಪಿಎಗೂ ಅಲ್ಲ, ಪಿಎಗೂ ಖಾಲಿ ಕುರ್ಚಿಗೂ.

● ಇವತ್ತು ಮೂಳೆ ವಿಭಾಗ, ನಾಳೆ ಮಕ್ಕಳ ವಿಭಾಗ: ಹೀಗೆ ಹೊಸ ಡಿಗ್ರಿ ಇಲ್ಲದೆ ಕ್ಷೇತ್ರ ಬದಲಿಸುವ ಸ್ವಾತಂತ್ರ್ಯ ಪಿಎಗಳಿಗಿದೆ. ವೈದ್ಯರಿಗೆ ಅದು ಅಷ್ಟು ಸುಲಭವಲ್ಲ. ಆದರೆ ಪಿಎ ಎರಡು ವರ್ಷಕ್ಕೊಮ್ಮೆ 100 ಗಂಟೆಯ ಕಲಿಕೆಯ ಲೆಕ್ಕ ಒಪ್ಪಿಸಿದರೆ ಮಾತ್ರ ಹೆಸರಿನ ಮುಂದಿನ ‘ಸಿ’ ಉಳಿಯುತ್ತದೆ.

● ಇಲ್ಲಿ ಎಂಬಿಬಿಎಸ್ ಮಾಡಿ, ಅಲ್ಲಿ ರೆಸಿಡೆನ್ಸಿ ಸೀಟು ಸಿಗದ ನಮ್ಮ ಹುಡುಗ ಹುಡುಗಿಯರು ‘ಪಿಎ ಆಗಿಬಿಡುತ್ತೇನೆ’ ಅಂದುಕೊಳ್ಳುವುದುಂಟು. ಆಗುವುದಿಲ್ಲ. ರಾಷ್ಟ್ರಮಟ್ಟದ ಪಿಎ ಪರೀಕ್ಷೆಗೆ ಕೂರಬೇಕಾದರೆ ಅಲ್ಲಿನ ಮಾನ್ಯತೆ ಪಡೆದ ಪಿಎ ಕೋರ್ಸನ್ನೇ ಮುಗಿಸಿರಬೇಕು. ಡಾಕ್ಟರಾಗಿದ್ದರೂ ಆ ಬಾಗಿಲಿಗೆ ಅಡ್ಡದಾರಿ ಇಲ್ಲ.

● ಹೆಸರಿನದೇ ಒಂದು ಜಟಾಪಟಿ. 2021ರಲ್ಲಿ ಅಮೆರಿಕದ ಪಿಎಗಳ ಸಂಘ ‘ಅಸಿಸ್ಟೆಂಟ್’ ಬಿಟ್ಟು ‘ಅಸೋಸಿಯೇಟ್’ ಎಂಬ ಹೆಸರನ್ನು ಆರಿಸಿಕೊಂಡಿತು. 2024ರಲ್ಲಿ ಆರೆಗಾನ್ ಆ ಹೆಸರನ್ನು ಕಾನೂನಿಗೆ ಸೇರಿಸಿದ ಮೊದಲ ರಾಜ್ಯವಾಯಿತು. ಬ್ರಿಟನ್ ತದ್ವಿರುದ್ಧ. ಅಲ್ಲಿ ‘ಅಸೋಸಿಯೇಟ್’ ಎಂದೇ ಕರೆಯುತ್ತಿದ್ದರು. ರೋಗಿಗಳು ಅವರನ್ನು ಡಾಕ್ಟರೆಂದೇ ತಿಳಿದು ಮೋಸಹೋಗುತ್ತಿದ್ದಾರೆಂಬ ಕೂಗೆದ್ದ ಮೇಲೆ, ಸರ್ಕಾರ ನೇಮಿಸಿದ ಪ್ರೊ. ಗಿಲಿಯನ್ ಲೆಂಗ್ ಅವರ ವರದಿ 2025ರ ಜುಲೈನಲ್ಲಿ ಬಂತು. ಮತ್ತೆ ‘ಅಸಿಸ್ಟೆಂಟ್’ ಎನ್ನಿ, ಕಾಯಿಲೆ ಏನೆಂದು ಇನ್ನೂ ಗೊತ್ತಾಗದ ರೋಗಿಯನ್ನು ಮೊದಲು ನೋಡುವವರು ಇವರಾಗಬಾರದು ಎಂದು ಅದು ಹೇಳಿತು. ಬ್ರಿಟನ್ನಿನ ಪಿಎಗೆ ಔಷಧಿ ಬರೆಯುವ ಅಧಿಕಾರವಿಲ್ಲ, ಎಕ್ಸ್‌ರೇಗೆ ಬರೆದುಕೊಡುವ ಅಧಿಕಾರವೂ ಇಲ್ಲ.

● ಭಾರತಕ್ಕೆ ಈ ವೃತ್ತಿ ಬಂದದ್ದು ಹೃದಯ ಶಸ್ತ್ರಚಿಕಿತ್ಸೆಯ ಕೋಣೆಯ ಮೂಲಕ. 1992ರಲ್ಲಿ ಡಾ. ಕೆ. ಎಂ. ಚೆರಿಯನ್ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ತರಬೇತಿ ಶುರು ಮಾಡಿದರು. ಕಾನೂನಿನಲ್ಲಿ ಹೆಸರು ಕಾಣಿಸಲು ಸುಮಾರು ಮೂರು ದಶಕ ಬೇಕಾಯಿತು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ‘ಫಿಜಿಷಿಯನ್ ಅಸೋಸಿಯೇಟ್’ ಇದೆ.

● ಆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಡಾಕ್ಟರ ಅಧಿಕಾರ ಬರುವುದಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 34ನೇ ಕಲಮು ನೇರವಾಗಿದೆ: ನೋಂದಣಿ ಇಲ್ಲದೆ ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದೇ ಕಾಯ್ದೆಯ 32ನೇ ಕಲಮು ‘ಸಮುದಾಯ ಆರೋಗ್ಯ ಸೇವಾದಾತ’ರೆಂಬ ಮಧ್ಯಮ ಹಂತದವರಿಗೆ ಸೀಮಿತ ಲೈಸೆನ್ಸ್ ಕೊಡಲು ಅವಕಾಶ ಇಟ್ಟಿದೆ. ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದರಷ್ಟನ್ನು ಮೀರಬಾರದು. ‘ಫಿಜಿಷಿಯನ್ ಅಸೋಸಿಯೇಟ್’, ‘ಸಮುದಾಯ ಆರೋಗ್ಯ ಸೇವಾದಾತ’ ಎರಡೂ ಬೇರೆ ಬೇರೆ ಕಾಯ್ದೆಗಳ ಬೇರೆ ಬೇರೆ ಹೆಸರುಗಳು, ಒಂದನ್ನು ತೋರಿಸಿ ಇನ್ನೊಂದರ ಹಕ್ಕು ಕೇಳಲಾಗದು.

● ಬೆಂಗಳೂರಿನ ಆಸ್ಪತ್ರೆಯಲ್ಲಿ ಪಿಎ ನಿಮ್ಮ ಕಾಯಿಲೆಯ ಪೂರ್ವಾಪರ ಬರೆದುಕೊಳ್ಳಬಹುದು, ಆಪರೇಷನ್ನಿನಲ್ಲಿ ಸರ್ಜನ್ನರಿಗೆ ನೆರವಾಗಬಹುದು, ಡಿಸ್ಚಾರ್ಜ್ ಕಾಗದ ಸಿದ್ಧಪಡಿಸಬಹುದು. ಒಳ್ಳೆಯ ಪಿಎ ಇರುವ ವಾರ್ಡಿನಲ್ಲಿ ರೋಗಿಯ ಮನೆಯವರ ಪ್ರಶ್ನೆಗಳಿಗೆ ನಿಂತು ಉತ್ತರಿಸಲು ಒಬ್ಬರಿರುತ್ತಾರೆ, ಅದೇನು ಸಣ್ಣ ಸಮಾಧಾನವಲ್ಲ. ಔಷಧಿ ಚೀಟಿಯ ಕೆಳಗೆ ಮಾತ್ರ ನೋಂದಾಯಿತ ವೈದ್ಯರ ಸಹಿ, ನೋಂದಣಿ ಸಂಖ್ಯೆ ಇರಬೇಕು. ಅದು ಕಾಣದಿದ್ದರೆ ಮೆಡಿಕಲ್ ಶಾಪಿಗೆ ಹೋಗುವ ಮುಂಚೆ, ವಾರ್ಡಿನಲ್ಲೇ ಕೇಳಿ ಹಾಕಿಸಿಕೊಳ್ಳಿ.