ಮನೆಯ ರೌಟರು ಪದೇ ಪದೇ ನಿಲ್ಲುವುದೇಕೆ?

2020ರಲ್ಲಿ ಶಾಲೆಗಳು ಮುಚ್ಚಿದ್ದ ಕಾಲವನ್ನು ನಮ್ಮ ಹಿರಿಯ ವಿದ್ಯಾರ್ಥಿಗಳು ಮರೆತಿರಲಾರರು. ರೌಟರು ಇದ್ದ ಮನೆಗಳಲ್ಲಿ ಆ ಪುಟ್ಟ ಪೆಟ್ಟಿಗೆಯ ದೀಪ ಆರಿತೆಂದರೆ ಅಂದಿನ ಗಣಿತವೂ ಹೋಯಿತು, ವ್ಯಾಕರಣವೂ ಹೋಯಿತು. ಇಂದಿಗೂ ಪರೀಕ್ಷೆಯ ಅರ್ಜಿ ಮೊದಲಾದ ಎಷ್ಟೋ ಕಾರ್ಯಗಳು ಅದನ್ನೇ ನಂಬಿಕೊಂಡಿವೆ. ಆದುದರಿಂದ ಅದರ ರೋಗಲಕ್ಷಣಗಳನ್ನು ಅರಿತಿರುವುದು ಒಳಿತು.

ರೌಟರೆಂಬುದು ವಾಸ್ತವವಾಗಿ ಒಂದು ಚಿಕ್ಕ ಗಣಕಯಂತ್ರವೇ. ಅದನ್ನು ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಲಿಂಕ್‌ಸಿಸ್ ಸಂಸ್ಥೆಯ ಡಬ್ಲ್ಯೂಆರ್‌ಟಿ54ಜಿ ಎಂಬ ರೌಟರಿನೊಳಗೆ ಲಿನಕ್ಸ್ ಇರುವುದು ಬೆಳಕಿಗೆ ಬಂದು, ಲಿನಕ್ಸಿನ ಪರವಾನಗಿಯ ಷರತ್ತಿನಂತೆ ಅದರ ಮೂಲ ತಂತ್ರಾಂಶವನ್ನು 2003ರಲ್ಲಿ ಪ್ರಕಟಿಸಬೇಕಾಯಿತು. ಅದರ ಬೆನ್ನಲ್ಲೇ, 2004ರಲ್ಲಿ, ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಹುಟ್ಟಿತು. ತಯಾರಕರು ಕೈಬಿಟ್ಟ ಹಳೆಯ ಯಂತ್ರಗಳಿಗೂ ಇದು ಹೊಸ ಜೀವ ಕೊಡಬಲ್ಲದು.

ಇಂಥ ಯಂತ್ರ ಕೆಟ್ಟಾಗ ಜನರು ಹೊಸ ಫರ್ಮ್‌ವೇರನ್ನೇ ದೂಷಿಸುತ್ತಾರೆ. ಇಲ್ಲವೆ ಒಡನೆಯೇ ಸ್ವಿಚ್ಚು ಆರಿಸಿ ಹಾಕುತ್ತಾರೆ. ಎರಡನೆಯದು ಹೆಚ್ಚಿನ ಅವಿವೇಕ. ಏಕೆಂದರೆ ಯಂತ್ರವು ಬರೆದಿಡುವ ದಿನಚರಿ, ಅಂದರೆ ಲಾಗ್, ಸಾಮಾನ್ಯವಾಗಿ ತಾತ್ಕಾಲಿಕ ಸ್ಮೃತಿಯಲ್ಲಿರುವುದು. ಸ್ವಿಚ್ಚು ಆರಿದೊಡನೆ ಸಾಕ್ಷಿಯೂ ಅಳಿಯುತ್ತದೆ. ಮೊದಲು ನೋಡತಕ್ಕುದು ‘ಅಪ್‌ಟೈಮ್’ ಎಂಬ ಅಂಕಿಯನ್ನು. ನಿನ್ನೆ ಹಚ್ಚಿದ ಯಂತ್ರ ಹತ್ತೇ ನಿಮಿಷವೆಂದು ತೋರಿಸಿದರೆ, ಅದು ನಡುವೆ ತಾನಾಗಿಯೇ ನಿಂತು ಮತ್ತೆ ಹೊರಟಿದೆಯೆಂದು ಅರ್ಥ.

ಹಾಗಿದ್ದಲ್ಲಿ ಮೊದಲ ಸಂಶಯ ಅಡಾಪ್ಟರಿನ ಮೇಲೆ. ಅದರೊಳಗಿನ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಸೊರಗುತ್ತವೆ; ಹೊರೆ ಏರಿದಾಗ ವೋಲ್ಟೇಜು ಕುಸಿದು ಯಂತ್ರ ತತ್ತರಿಸುತ್ತದೆ. ಹೊಸದನ್ನು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಂಥ ಕಡೆ ಕೊಳ್ಳುವಾಗ ವೋಲ್ಟು ಹಳೆಯದರಷ್ಟೇ ಇರಬೇಕು, ಆಂಪಿಯರು ಅಷ್ಟೇ ಅಥವಾ ಹೆಚ್ಚಿರಬಹುದು. ಎರಡನೆಯ ಸಂಶಯ ಕಾವು. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುವಾಗ, ಅಲಮಾರಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿಟ್ಟ ರೌಟರು ಬೇಯದೆ ಇನ್ನೇನಾದೀತು? ಮೂರನೆಯದು ಸ್ಮೃತಿ. ಕೇವಲ 32 ಮೆಗಾಬೈಟ್ ಸ್ಮೃತಿಯುಳ್ಳ ಹಳೆಯ ಯಂತ್ರಕ್ಕೆ ಜಾಹೀರಾತು ತಡೆಯುವುದೇ ಮುಂತಾದ ಹೆಚ್ಚಿನ ಕೆಲಸಗಳನ್ನು ಹೇರಬಾರದು.

ಅಪ್‌ಟೈಮ್ ಸರಿಯಾಗಿದ್ದರೆ ಗಣಕಯಂತ್ರವನ್ನು ತಂತಿಯಿಂದ ರೌಟರಿಗೆ ಜೋಡಿಸಿ ನೋಡಬೇಕು. ತಂತಿಯಲ್ಲಿ ಎಲ್ಲವೂ ನಡೆದರೆ ದೋಷ ರೇಡಿಯೋ ಭಾಗದ್ದು. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸುವ ಚಾನೆಲುಗಳು 1, 6, 11, ಈ ಮೂರೇ. ಅಪಾರ್ಟ್‌ಮೆಂಟಿನ ಇಪ್ಪತ್ತು ಮನೆಗಳು ಅವನ್ನೇ ಹಂಚಿಕೊಳ್ಳಬೇಕು. 5 ಗಿಗಾಹರ್ಟ್ಸಿನಲ್ಲಿ ಎಡೆ ಹೆಚ್ಚು. ಆದರೆ ಅಲ್ಲಿನ ಕೆಲವು ಚಾನೆಲುಗಳಲ್ಲಿ ರೌಟರು ರೇಡಾರಿಗೆ ದಾರಿ ಬಿಡಬೇಕಾದುದರಿಂದ, ಆರಂಭದಲ್ಲಿ ಒಂದು ನಿಮಿಷವಾದರೂ ಮೌನವಾಗಿ ಆಲಿಸುವುದು. ಅದು ರೋಗವಲ್ಲ. ಬ್ರಾಡ್‌ಕಾಮ್ ಚಿಪ್ಪುಳ್ಳ ಯಂತ್ರಗಳಲ್ಲಿ ಮಾತ್ರ ದೂರು ಫರ್ಮ್‌ವೇರಿಗೆ ಸಲ್ಲುವುದುಂಟು. ಅವುಗಳಿಗೆ ಮುಕ್ತ ಚಾಲಕ ತಂತ್ರಾಂಶ ಬಹಳ ಕಡಿಮೆ.

ತಂತಿಯಲ್ಲೂ ಸಂಪರ್ಕವಿಲ್ಲದಿದ್ದರೆ, ರೌಟರು ಉತ್ತರಿಸುತ್ತಿರುವಾಗ ದೋಷವು ಬಹುಶಃ ಹೊರಗಿನ ತಂತಿಯದು.

ಫರ್ಮ್‌ವೇರನ್ನು ಬದಲಿಸಲೇಬೇಕಾದರೆ ಯಂತ್ರದ ಅಡಿಯ ಚೀಟಿಯಲ್ಲಿರುವ ಮಾದರಿಯ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಓದಿಕೊಳ್ಳಬೇಕು. ಒಂದೇ ಹೆಸರಿನ ಎರಡು ಆವೃತ್ತಿಗಳ ಒಳಗು ಬೇರೆ ಬೇರೆಯಾಗಿರುವುದುಂಟು. ವಿದ್ಯುತ್ತು ಕೈಕೊಡುವ ಮಳೆಗಾಲದ ಸಂಜೆ ಈ ಕೆಲಸಕ್ಕೆ ತೊಡಗಬಾರದು. ಕೇವಲ ಸೆಟ್ಟಿಂಗು ತಪ್ಪಿ ಒಳಗೆ ಹೋಗಲಾಗದಿದ್ದರೆ, ಹೆಚ್ಚಿನ ಯಂತ್ರಗಳಲ್ಲಿ ಹೊರಡುವ ಹೊತ್ತಿಗೆ ಗುಂಡಿಯೊಂದನ್ನು ಒತ್ತಿ ‘ಫೇಲ್‌ಸೇಫ್’ ಸ್ಥಿತಿಗೆ ತರಬಹುದು. ಆಗ ಅದು 192.168.1.1 ಎಂಬ ವಿಳಾಸದಲ್ಲಿ ತಂತಿಯ ಮೂಲಕ ಸಿಗುತ್ತದೆ.